ಬಾವಡಿಗಳ ಮೇಲೆ ಪಿಎಚ್‌ಡಿ ಬರೆದದ್ದು ಹೀಗೆ

ವಿಜಯಪುರದ ಕಡೆ ಯಾರಾದರೂ ಪಿಎಚ್‌ಡಿಗೆ ರಿಜಿಸ್ಟರ್ ಆದರೆ ನನ್ನ ಹತ್ತಿರ ಬಂದು ಕೇಳುವ ಮೊದಲ ಪ್ರಶ್ನೆ, ‘ಮೇಡಂ, ಎಷ್ಟ್ ಪೇಪರ್ ಬೇಕಾಗ್ತಾವ್ರಿ?’ ಯಾವ ಜರ್ನಲ್, ಎಷ್ಟು ರೊಕ್ಕ, ಎಷ್ಟು ಪುಟ ಅನ್ನುವುದು ಅದರ ಹಿಂದೆಯೇ ಬರುತ್ತದೆ. ‘ಏನು ಹುಡುಕ್ತಾ ಇದ್ದೀರಿ?’ ಅಂತ ನಾನು ಕೇಳಿದರೆ ಸುಮ್ನೆ ನಗುತ್ತಾರೆ. ಅವರನ್ನು ದೂರುವುದಿಲ್ಲ. ನೇಮಕಾತಿ, ಬಡ್ತಿ ಎಲ್ಲದರಲ್ಲೂ ಅಂಕ ಎಣಿಸುವಾಗ ಜನ ಬೇರೆ ಏನು ಕೇಳಬೇಕು?

ಪೇಪರಿನ ಪ್ರಶ್ನೆಗೆ ಉತ್ತರ ಚಿಕ್ಕದು. 2016ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಬೇಕಿತ್ತು, ಸಮ್ಮೇಳನಗಳಲ್ಲಿ ಎರಡು ಪೇಪರ್ ಮಂಡಿಸಬೇಕಿತ್ತು. 2022ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮದಲ್ಲಿ ಯುಜಿಸಿ ಆ ಕಡ್ಡಾಯ ತೆಗೆಯಿತು. ಆದರೆ ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿರಬಹುದು, ಅದನ್ನು ಕೇಳಿಕೊಳ್ಳಿ. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿದರೆ ಇನ್ನೆರಡು. ಹೆಣ್ಣುಮಕ್ಕಳಿಗೆ ಅದರ ಮೇಲೂ ಎರಡು ವರ್ಷ ಸಿಗುತ್ತದೆ, ಒಟ್ಟು ಹತ್ತು ದಾಟಬಾರದು. ಮನೆ, ಮಕ್ಕಳು, ವಾರಕ್ಕೆ 16 ಗಂಟೆ ಕ್ಲಾಸು ಇರುವ ನನ್ನಂಥವರಿಗೆ ಈ ಕೊನೆಯ ಸಾಲು ಬಹಳ ದೊಡ್ಡದು.

ಇನ್ನು ನಾನು ಮಾಡಿದ್ದು.

ವಿಷಯ ಆರಿಸುವಾಗ ನನ್ನದು ಒಂದೇ ಷರತ್ತು. ಮನೆಯಿಂದ ಸ್ಕೂಟಿ ಮೇಲೆ ಹೋಗಿ ನೋಡಿ ಬರುವಂಥದ್ದು ಇರಬೇಕು. ‘ಆದಿಲಶಾಹಿಗಳ ಸಾಂಸ್ಕೃತಿಕ ಕೊಡುಗೆ: ಒಂದು ಅಧ್ಯಯನ’ ಅನ್ನುವ ಥರದ ಶೀರ್ಷಿಕೆಗಳು ಲೈಬ್ರರಿಯ ಕಪಾಟಿನಲ್ಲಿ ಬೇಕಾದಷ್ಟಿವೆ. ಅಂಥ ವಿಷಯದಲ್ಲಿ ಯಾವ ಪುಟದಲ್ಲೂ ಹೊಸ ಮಾತು ಹೇಳದೆ ಮುನ್ನೂರು ಪುಟ ತುಂಬಿಸಬಹುದು. ನಾನು ಬಾವಡಿಗಳನ್ನು ಹಿಡಿದೆ. ನಮ್ಮ ಊರಲ್ಲಿ ಹಳೆಯ ಮೆಟ್ಟಿಲು ಬಾವಿಗೆ ಬಾವಡಿ ಅಂತಾರೆ. ತಾಜ್ ಬಾವಡಿ, ಚಾಂದ್ ಬಾವಡಿ ಎಲ್ಲರಿಗೂ ಗೊತ್ತು. ಓಣಿಗಳ ಒಳಗೆ ಇನ್ನೂ ಎಷ್ಟೋ ಇವೆ. ಕೆಲವಕ್ಕೆ ಹೆಸರಿದೆ, ಕೆಲವಕ್ಕೆ ಕಸ ಇದೆ. ಯಾರು ಕಟ್ಟಿಸಿದರು, ಯಾವಾಗ, ನೀರು ಎಲ್ಲಿಂದ ಬರುತ್ತಿತ್ತು, ಯಾರು ತುಂಬಿಕೊಳ್ಳುತ್ತಿದ್ದರು ಎಂಬಿಷ್ಟೇ ನನ್ನ ಪ್ರಶ್ನೆ.

ಮೊದಲ ಅಧ್ಯಾಯದ ಕರಡು ತೆಗೆದುಕೊಂಡು ಹೋದಾಗ ನಮ್ಮ ಗೈಡ್ ಸರ್ ಓದಲಿಲ್ಲ. ಪೆನ್ಸಿಲ್ ಹಿಡಿದು, ಅಡಿಟಿಪ್ಪಣಿ ಇಲ್ಲದ ವಾಕ್ಯಗಳಿಗೆಲ್ಲ ಸುತ್ತು ಹಾಕುತ್ತ ಹೋದರು. ಪ್ರತಿ ಸುತ್ತಿಗೂ ಒಂದೇ ಮಾತು: ‘ಇದನ್ನ ಯಾರ್ ಹೇಳ್ಯಾರ ತಂಗಿ?’ ‘ಎನ್ನಲಾಗಿದೆ’, ‘ಎಂದು ತಿಳಿದುಬರುತ್ತದೆ’ ಅಂತ ಮುಗಿಯುವ ವಾಕ್ಯಗಳಿಗೆ ಎರಡು ಸುತ್ತು. ಕರಡು ಬರೆದವರಿಗೆ ಈ ಪ್ರಶ್ನೆ ಮೊದಮೊದಲು ಕಿರಿಕಿರಿ ಅನಿಸುತ್ತದೆ. ಎಲ್ಲರಿಗೂ ಗೊತ್ತಿರುವ ಮಾತಿಗೂ ಆಧಾರ ಕೊಡಬೇಕೇ ಅಂತ. ನನಗೆ ಚಾಂದ್ ಬಾವಡಿ ಅದಕ್ಕೆ ಉತ್ತರ ಕೊಟ್ಟಿತು.

ಚಾಂದ್ ಬಾವಡಿಯ ಬಗ್ಗೆ ಸಾಮಾನ್ಯವಾಗಿ ಸಿಗುವ ಮಾತು ಹೀಗಿದೆ: ಇಲ್ಲಿನ ಸುಲ್ತಾನ ಒಂದನೇ ಅಲಿ ಆದಿಲ್ ಶಾಹ ತನ್ನ ರಾಣಿ ಚಾಂದ್ ಬೀಬಿಯ ನೆನಪಿಗಾಗಿ ಇದನ್ನು ಕಟ್ಟಿಸಿದ. ಪ್ರವಾಸಿಗರಿಗೆ ಹೇಳುವುದೂ ಇದೇ, ಎಷ್ಟೋ ಲೇಖನಗಳಲ್ಲಿ ಬರೆದದ್ದೂ ಇದೇ. ಈಗ ಎರಡು ಇಸವಿ ಪಕ್ಕಪಕ್ಕ ಇಡಿ. ಅಲಿ ತೀರಿಕೊಂಡದ್ದು 1580ರಲ್ಲಿ. ಆಗ ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ ಇನ್ನೂ ಚಿಕ್ಕ ಹುಡುಗ. ಅವನ ಪರವಾಗಿ ರಾಜ್ಯ ನೋಡಿಕೊಂಡವಳೇ ಚಾಂದ್ ಬೀಬಿ. ಆಮೇಲೆ ತವರಾದ ಅಹಮದ್‌ನಗರಕ್ಕೆ ಹೋಗಿ, 1595-96ರಲ್ಲಿ ಮೊಗಲರ ಮುತ್ತಿಗೆಗೆ ಎದುರು ನಿಂತು ಕೋಟೆ ಉಳಿಸಿದಳು. ಅವಳ ಕೊಲೆಯಾದದ್ದು ಹೆಚ್ಚುಕಡಿಮೆ 1600ರ ಹೊತ್ತಿಗೆ. ಅಂದರೆ ಗಂಡ ಸತ್ತು ಇಪ್ಪತ್ತು ವರ್ಷದ ಆಸುಪಾಸು ಹೆಂಡತಿ ಬದುಕಿದ್ದಳು. ಬದುಕಿದ್ದವಳ ನೆನಪಿಗೆ ಅವನು ಬಾವಿ ಯಾಕೆ ಕಟ್ಟಿಸುತ್ತಾನೆ? ಹೆಸರಿಟ್ಟಿರಬಹುದು, ಅದು ಬೇರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು, ಅವರದನ್ನು ಮತ್ತೊಬ್ಬರು ಎತ್ತಿಕೊಂಡು ಬಂದ ಮಾತು ಅದು. ಇಸವಿ ನೋಡುವ ಕೆಲಸ ಯಾರದೂ ಆಗಿರಲಿಲ್ಲ. ಪರ್ಷಿಯನ್ ಬೇಡ, ಉತ್ಖನನ ಬೇಡ, ಎರಡು ಇಸವಿ ಸಾಕಾಗಿತ್ತು.

ಅಂದಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದಿಟ್ಟುಕೊಂಡೆ. ಎಡಗಡೆ ಮಾತು. ಬಲಗಡೆ ಅದನ್ನು ಹೇಳಿದವರು ಯಾರು, ಯಾವ ಇಸವಿಯಲ್ಲಿ, ಕಣ್ಣಾರೆ ನೋಡಿ ಹೇಳಿದರೋ, ಕೇಳಿ ಹೇಳಿದರೋ, ಇನ್ನೊಬ್ಬರ ಪುಸ್ತಕ ನೋಡಿ ಬರೆದರೋ. ಈ ಕೊನೆಯ ಕಾಲಮ್ಮೇ ಮುಖ್ಯ. ಫೆರಿಷ್ತಾ ಇಬ್ರಾಹಿಂನ ಆಸ್ಥಾನದಲ್ಲೇ ಇದ್ದು ಇತಿಹಾಸ ಬರೆದವನು. ಬಸಾತೀನ್-ಉಸ್-ಸಲಾತೀನ್ ಅನ್ನುವ ಆದಿಲಶಾಹಿಗಳ ಇತಿಹಾಸ ಬರೆದ ಝುಬೈರಿ 19ನೇ ಶತಮಾನದವನು. ಇಬ್ಬರಿಗೂ ಒಂದೇ ತೂಕ ಕೊಟ್ಟು ‘ಪರ್ಷಿಯನ್ ಆಕರಗಳ ಪ್ರಕಾರ’ ಅಂತ ಬರೆದರೆ ಓದುಗನ ಕಣ್ಣಿಗೆ ಮಣ್ಣು ಹಾಕಿದ ಹಾಗೆ. 1884ರ ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ 23ನೇ ಸಂಪುಟ ಪೂರ್ತಿ ಬಿಜಾಪುರ ಜಿಲ್ಲೆಯದು. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಇಲ್ಲಿನ ಕಟ್ಟಡಗಳ ಬಗ್ಗೆ ಬರೆದ ದೊಡ್ಡ ಪುಸ್ತಕ 1916ರದು. ಕಸಿನ್ಸ್ ಕಟ್ಟಡ ಅಳೆದು, ನಕ್ಷೆ ತೆಗೆದು ಬರೆದವನು. ಅದಕ್ಕೇ ಅಳತೆಯ ವಿಷಯದಲ್ಲಿ ಅವನ ಮಾತು ಗಟ್ಟಿ. ಯಾರು, ಯಾಕೆ ಕಟ್ಟಿಸಿದರು ಅನ್ನುವಲ್ಲಿ ಅವನೂ ಕೇಳಿದ್ದನ್ನೇ ಬರೆಯಬೇಕಾಗುತ್ತದೆ. ಒಂದೇ ಪುಸ್ತಕದ ಒಂದು ಸಾಲನ್ನು ನಂಬಿ ಇನ್ನೊಂದನ್ನು ಅನುಮಾನಿಸಬಹುದು ಅನ್ನುವುದು ನನಗೆ ಈ ಕಾಲಮ್ಮಿನಿಂದಲೇ ರೂಢಿಯಾಯಿತು.

ನನಗೆ ಪರ್ಷಿಯನ್ ಬರುವುದಿಲ್ಲ. ಆದಿಲಶಾಹಿ ಕಾಲದ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ನಮ್ಮೂರಿನ ಬಿಎಲ್‌ಡಿಇ ಸಂಸ್ಥೆಯ ಹಳಕಟ್ಟಿ ಸಂಶೋಧನಾ ಕೇಂದ್ರ ಮಾಡಿದ್ದರಿಂದ ಬಚಾವಾದೆ. ಅನುವಾದ ಓದಿದಲ್ಲಿ ಅನುವಾದದ್ದೇ ಪುಟ ಸಂಖ್ಯೆ ಕೊಟ್ಟಿದ್ದೇನೆ. ಮೂಲ ಓದಿದವರ ಹಾಗೆ ಮೂಲದ ಹೆಸರು ಹಾಕುವ ಚಾಳಿ ನಮ್ಮಲ್ಲಿ ಜಾಸ್ತಿ. ವೈವಾದಲ್ಲಿ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ, ‘ಮೂಲದಲ್ಲಿ ಯಾವ ಪದ ಇದೆ?’ ಅಂತ ಒಬ್ಬರು ಕೇಳಿದರೆ ಮುಗಿಯಿತು.

ಹಳಕಟ್ಟಿಯವರ ಹೆಸರು ಬಂದದ್ದಕ್ಕೆ ಒಂದು ಮಾತು. ಫ.ಗು. ಹಳಕಟ್ಟಿ ವಕೀಲರು. ಯಾವ ವಿಶ್ವವಿದ್ಯಾಲಯವೂ ಅವರಿಗೆ ಸಂಬಳ ಕೊಡಲಿಲ್ಲ. ಮನೆಮನೆ ತಿರುಗಿ ವಚನಗಳ ಓಲೆಗರಿ ಕೂಡಿಸಿದರು, 1923ರಲ್ಲಿ ವಚನಶಾಸ್ತ್ರಸಾರ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದೇ 1949ರಲ್ಲಿ, ನಮ್ಮೂರಿಗೆ ಮಹಿಳಾ ವಿಶ್ವವಿದ್ಯಾಲಯ ಬಂದದ್ದು 2003ರಲ್ಲಿ, ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ. ಅಂದರೆ ಸಂಶೋಧನೆ ಈ ಕಡೆ ವಿಶ್ವವಿದ್ಯಾಲಯದ ದಾರಿ ಕಾಯುತ್ತ ಕೂತಿರಲಿಲ್ಲ. ಹಾಗಾದರೆ ವಿಶ್ವವಿದ್ಯಾಲಯ ಯಾಕೆ ಬೇಕು? ನನ್ನ ಮಟ್ಟಿಗೆ, ಬರೆದದ್ದನ್ನು ತಪಾಸಣೆ ಮಾಡಲೇಬೇಕಾದ ಜವಾಬ್ದಾರಿ ಇರುವ ನಾಲ್ಕು ಜನ ಒಂದು ಕಡೆ ಸಿಗಲಿ ಅಂತ. ಗೈಡ್, ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು, ವೈವಾದ ದಿನ ಹಿಂದಿನ ಬೆಂಚಿನಲ್ಲಿ ಕೂತ ಯಾರು ಬೇಕಾದರೂ. ಈ ತಪಾಸಣೆ ಸಡಿಲವಾದರೆ ಉಳಿಯುವುದು ಕಟ್ಟಡ ಮತ್ತು ಘಟಿಕೋತ್ಸವ.

ಬರೆಯುವ ರೀತಿ ಹೇಳುತ್ತೇನೆ. ಅಧ್ಯಾಯ ಅಂತ ಕೂತರೆ ನನಗೆ ಕೈ ಓಡುವುದಿಲ್ಲ. ಅದಕ್ಕೆ ಒಂದೊಂದು ಬಾವಡಿಗೆ ಒಂದೊಂದು ಪುಟ ಬರೆದೆ. ಬಾವಡಿಯ ಮೆಟ್ಟಿಲ ಮೇಲೆ ಕೂತೇ ಮೊದಲ ಕರಡು. ಯಾವ ದಿಕ್ಕಿಗೆ ಬಾಗಿಲು, ಮೋಟಿನ (ಎತ್ತು ಕಟ್ಟಿ ನೀರೆತ್ತುವ ಚರ್ಮದ ಚೀಲದ) ಗುರುತು ಇದೆಯೋ ಇಲ್ಲವೋ, ಕಲ್ಲು ಎಲ್ಲಿ ಹೊಸದು, ಸಿಮೆಂಟ್ ಎಲ್ಲಿ ಬಳಿದಿದ್ದಾರೆ. ದಂಡೆಯ ಕಲ್ಲಿನ ಮೇಲೆ ಹಗ್ಗ ಜಗ್ಗಿ ಜಗ್ಗಿ ಆದ ಗೀರು ಸಿಕ್ಕರೆ ಅದರಲ್ಲಿ ಬೆರಳಿಟ್ಟು ನೋಡುತ್ತಿದ್ದೆ. ಎಷ್ಟು ಆಳ, ಎಷ್ಟು ಸಾಲು ಅಂತ ಬರೆದುಕೊಂಡರೆ ಜನ ಎಲ್ಲಿ ನಿಂತು ನೀರು ಸೇದುತ್ತಿದ್ದರು ಅನ್ನುವುದಕ್ಕೆ ಅದೇ ಸಾಕ್ಷಿ. ಯಾವ ಗ್ರಂಥದಲ್ಲೂ ಸಿಗದ ಸಾಕ್ಷಿ. ತಾಜ್ ಬಾವಡಿಗೆ ಗಣಪತಿ ಬಿಡುತ್ತಿದ್ದದ್ದು, ಆಮೇಲೆ ಹೂಳು ತೆಗೆಸಿದ್ದು, ಇವನ್ನೂ ಬರೆದೆ. ಬಾವಡಿಯ ಇತಿಹಾಸ 1686ರಲ್ಲಿ ಔರಂಗಜೇಬ ಊರು ಗೆದ್ದ ದಿನ ಮುಗಿದುಹೋಗುವುದಿಲ್ಲ ಅಲ್ವಾ? ಓಣಿಯ ಹಿರಿಯರು ಹೇಳಿದ ಕತೆಗಳನ್ನು ಬೇರೆ ನೋಟ್‌ಬುಕ್ಕಿನಲ್ಲಿ ಇಟ್ಟೆ, ಹೇಳಿದ ದಿನ ಮತ್ತು ಅವರ ಒಪ್ಪಿಗೆ ಸಮೇತ. ಕತೆ ಸುಳ್ಳಾಗಿದ್ದರೂ ಜನ ಆ ಬಾವಿಯನ್ನು ಹೇಗೆ ಕಂಡಿದ್ದಾರೆ ಅನ್ನುವುದು ಸುಳ್ಳಲ್ಲ. ಆದರೆ ಅದನ್ನು ಕಟ್ಟಿದ ಇಸವಿಗೆ ಆಧಾರ ಮಾಡಿಕೊಳ್ಳಬಾರದು.

ಪುಸ್ತಕದಿಂದ ಬರೆಯುವಾಗ ಒಂದು ನೇಮ: ಓದುವಾಗ ಬರೆಯುವುದಿಲ್ಲ. ಓದಿ, ಪುಸ್ತಕ ಮುಚ್ಚಿ, ಚಹಾ ಕುಡಿದು ಬಂದು ನೆನಪಿದ್ದಷ್ಟು ನನ್ನ ಮಾತಲ್ಲಿ ಬರೆದು, ಆಮೇಲೆ ಪುಸ್ತಕ ತೆಗೆದು ಪುಟ ಸಂಖ್ಯೆ, ಇಸವಿ, ಹೆಸರು ತಾಳೆ ನೋಡುವುದು. ಮೂಲದ ಮಾತೇ ಬೇಕಿದ್ದರೆ ಉದ್ಧರಣ ಚಿಹ್ನೆ ಹಾಕಿ ಅಕ್ಷರಶಃ ಇಳಿಸುವುದು. ಹೀಗೆ ಮಾಡಿದರೆ ಪ್ಲೇಜಿಯರಿಸಂ (ಕೃತಿಚೌರ್ಯ) ರಿಪೋರ್ಟಿಗೆ ಹೆದರುವ ಕಾರಣವೇ ಇಲ್ಲ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡ ಇಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು. ಆಧಾರ ಕೊಟ್ಟ ಉದ್ಧರಣ ಲೆಕ್ಕಕ್ಕೆ ಬರುವುದಿಲ್ಲ. ಕಾಕತಾಳೀಯವಾಗಿ ಸಾಲಾಗಿ 14 ಪದದವರೆಗೆ ಹೊಂದಿದರೆ ಅದೂ ಬರುವುದಿಲ್ಲ. ಕೆಲವರು ಪದ ಹಿಂದೆಮುಂದೆ ಮಾಡಿ, ‘ಕಟ್ಟಿಸಿದನು’ ಇದ್ದಲ್ಲಿ ‘ನಿರ್ಮಿಸಿದನು’ ಅಂತ ಹಾಕಿ ಪರ್ಸೆಂಟ್ ಇಳಿಸುತ್ತಾರೆ. ಸಾಫ್ಟ್‌ವೇರ್ ಹಿಡಿಯದೇ ಹೋಗಬಹುದು. ಕಳ್ಳತನ ಕಳ್ಳತನವೇ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಫಜೀತಿ ಇದೆ, ಇದನ್ನು ಕೋರ್ಸ್‌ವರ್ಕಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಹಳೆಯ ನುಡಿ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಕಾಗದದ ಮೇಲೆ ಚಂದ ಕಾಣುತ್ತದೆ. ಕಂಪ್ಯೂಟರ್ ಒಳಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಮೇಲೆ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಬೇರೆಡೆ ಹಾಕಿ ನೋಡಿ: ‘ನ’ ಇದ್ದಲ್ಲಿ ಪೌಂಡ್ ಗುರುತು ಬರುತ್ತದೆ. ಸಾಫ್ಟ್‌ವೇರ್ ಓದುವುದು ಆ ಪೌಂಡ್ ಗುರುತನ್ನು. ಹೋಲಿಕೆ ಸೊನ್ನೆ ಅಂತ ಬಂದರೆ ಖುಷಿಪಡುವವರಿದ್ದಾರೆ! ಆದರೆ ಅದೇ ಪ್ರಬಂಧ ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಹೋದ ಮೇಲೆ ‘ಬಾವಡಿ’ ಅಂತ ಹುಡುಕಿದರೆ ಒಳಗಿನ ಒಂದು ಸಾಲೂ ಸಿಗುವುದಿಲ್ಲ. ಅಷ್ಟು ವರ್ಷದ ಕೆಲಸ ಇದ್ದೂ ಇಲ್ಲದ ಹಾಗೆ. ನಾನು ಟೈಪ್ ಮಾಡುವ ಹುಡುಗನಿಗೆ ಮೊದಲೇ ಹೇಳಿಬಿಟ್ಟೆ, ‘ಯೂನಿಕೋಡ್‌ನ್ಯಾಗ ಮಾಡಪಾ, ಇಲ್ಲಂದ್ರ ಬ್ಯಾಡ.’ ‘ಬೈಂಡಿಂಗ್‌ನ್ಯಾಗ ಚಂದ ಕಾಣಂಗಿಲ್ರಿ ಅಕ್ಕಾರ’ ಅಂದ. ಆಮೇಲೆ ಒಪ್ಪಿದ. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರ ಕಂಪ್ಯೂಟರಿಗೂ ಕನ್ನಡವೇ. ನಿಮ್ಮದು ಆಗಲೇ ನುಡಿಯಲ್ಲಿ ಇದ್ದರೆ ಪರಿವರ್ತಕ ಬಳಸಬಹುದು, ಆದರೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ನೋಡಬೇಕು. ‘ವರ್ಷ’, ‘ಕರ್ನಾಟಕ’ ಹುಡುಕಿದರೆ ಎಷ್ಟು ಕೆಟ್ಟಿದೆ ಅಂತ ಬೇಗ ಅಂದಾಜು ಸಿಗುತ್ತದೆ.

ಜರ್ನಲ್ ವಿಷಯ ಉದ್ದ ಮಾಡುವುದಿಲ್ಲ. ಮೊಬೈಲಿಗೆ ಮೆಸೇಜ್ ಬರುತ್ತದೆ: ಎರಡು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ. ಎರಡು ದಿನದಲ್ಲಿ ಯಾರು ಓದಿದರು? ಓದದೆ ಹಾಕುವವರಿಗೆ ರೊಕ್ಕ ಕೊಡುವ ಬದಲು ಅದೇ ರೊಕ್ಕದಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಸಂಶೋಧನ ಸಂಸ್ಥೆಯ ಶಾಸನ ಸಂಪುಟ ನೋಡಿ ಬರಬಹುದು. ಯುಜಿಸಿ ಒಪ್ಪಿದ ಪತ್ರಿಕೆಗಳ ‘ಯುಜಿಸಿ-ಕೇರ್’ ಪಟ್ಟಿ ಇದ್ದಷ್ಟು ದಿನ ‘ಪಟ್ಟಿಯಲ್ಲಿದೆ’ ಅನ್ನುವುದೇ ದೊಡ್ಡ ಪ್ರಮಾಣವಾಗಿತ್ತು. 2025ರ ಫೆಬ್ರುವರಿಯಲ್ಲಿ ಆ ಪಟ್ಟಿಯನ್ನೇ ನಿಲ್ಲಿಸಿದರು. ಈಗ ಪತ್ರಿಕೆ ಒಳ್ಳೆಯದೋ ಅಲ್ಲವೋ ಅಂತ ನಾವೇ ನೋಡಬೇಕು. ನಾನು ನೋಡುವುದು ಒಂದನ್ನೇ: ಹಿಂದಿನ ಸಂಚಿಕೆ ತೆಗೆದು ಯಾವುದಾದರೂ ಒಂದು ಲೇಖನದ ಅಡಿಟಿಪ್ಪಣಿ ಹಿಡಿದು ಆ ಪುಸ್ತಕದ ಆ ಪುಟ ತೆಗೆಯುತ್ತೇನೆ. ಅಲ್ಲಿ ಆ ಮಾತು ಇದ್ದರೆ ನನ್ನ ಲೇಖನ ಕಳಿಸುತ್ತೇನೆ.

ವೈವಾದಲ್ಲಿ ಹೊರಗಿನಿಂದ ಬಂದ ಮೇಡಂ ನನ್ನ ಇಸವಿಗಳನ್ನು ಒಪ್ಪಿಕೊಂಡರು. ಆಮೇಲೆ ಕೇಳಿದ್ದು, ‘ಬಾವಡಿ ಕಟ್ಟಿಸಿದವರ ಹೆಸರೆಲ್ಲ ಇದೆ. ವರ್ಷಕ್ಕೊಮ್ಮೆ ಹೂಳು ತೆಗೆದವರು ಯಾರು, ಅವರಿಗೆ ಏನು ಕೊಡುತ್ತಿದ್ದರು?’ ನನ್ನ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಬಲಗಡೆ ಕಾಲಮ್ ಖಾಲಿ ಇತ್ತು. ‘ನನ್ನ ಹತ್ತಿರ ಆಧಾರ ಇಲ್ಲ ಮೇಡಂ’ ಅಂದೆ. ಅವರು ‘ಸರಿ’ ಅಂತ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಡಿಗ್ರಿ ಬಂತು. ಈಗ ರಜೆ ಸಿಕ್ಕಾಗ ಹಳೆಯ ಇನಾಮ್ ಕಾಗದಪತ್ರ ಇರುವ ಮನೆಗಳನ್ನು ಹುಡುಕುತ್ತಿದ್ದೇನೆ. ಬಾವಿ, ಕಾಲುವೆ ನೋಡಿಕೊಳ್ಳುವುದಕ್ಕೆ ಭೂಮಿ ಬಿಟ್ಟ ಒಂದು ಕಾಗದ ಸಿಕ್ಕರೂ ಸಾಕು. ವಿಜಯಪುರದ ಕಡೆಯ ಯಾರ ಮನೆಯ ಟ್ರಂಕಿನಲ್ಲಾದರೂ ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ) ಹಳೆಯ ಕಾಗದ ಇದ್ದರೆ, ಓದಲು ಬಾರದು ಅಂತ ರದ್ದಿಗೆ ಹಾಕಬೇಡಿ. ಓದುವವರನ್ನು ನಾನು ಕರೆದುಕೊಂಡು ಬರುತ್ತೇನೆ.