ಇಂಗ್ಲೆಂಡಿನಲ್ಲಿ ಹಿಪ್ ಆಪರೇಷನ್: ರೆಫರಲ್ ಹೋಗುವ ಮೊದಲೇ ಸರ್ಜನ್ ಯಾರೆಂದು ನೋಡಿ

ಹಿಪ್ ಆಪರೇಷನ್, ಅಂದರೆ ಸವೆದ ಸೊಂಟದ ಕೀಲು ಬದಲಿಸಲು, ಬೆಂಗಳೂರಿನಲ್ಲಿ ಸರ್ಜನ್ ಹುಡುಕುವ ಕ್ರಮವೇ ಬೇರೆ. ಜಯನಗರದ ಅತ್ತಿಗೆಗೆ ಯಾರು ಮಾಡಿದರು, ಮಲ್ಲೇಶ್ವರದ ಮಾವನಿಗೆ ಯಾರು ಮಾಡಿದರು ಎಂದು ವಿಚಾರಿಸಿ, ಎಕ್ಸ್‌ರೇ ಕವರ್ ಹಿಡಿದು ಎರಡು ಮೂರು ಕಡೆ ತೋರಿಸಿ, ಮನಸ್ಸಿಗೆ ಒಪ್ಪಿದವರ ಹತ್ತಿರ ಡೇಟ್ ತಗೊಳ್ಳುತ್ತೇವೆ. ಇಷ್ಟೆಲ್ಲ ವಿಚಾರಿಸುವ ಜನವೇ ಇಂಗ್ಲೆಂಡಿಗೆ ಬಂದ ಮೇಲೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಆಯ್ಕೆಯೇ ಇಲ್ಲ ಅಂದುಕೊಂಡು, ಜಿಪಿ (ಬಡಾವಣೆಯ ಸಾಮಾನ್ಯ ವೈದ್ಯರು) ಬರೆದುಕೊಟ್ಟ ಆಸ್ಪತ್ರೆಯ ಸಾಲಿನಲ್ಲಿ ಸುಮ್ಮನೆ ನಿಂತುಬಿಡುತ್ತಾರೆ.

ಆಯ್ಕೆ ಇದೆ, ಕಾನೂನಿನ ಹಕ್ಕಾಗಿಯೇ ಇದೆ. ಆದರೆ ಅದು ಇಂಗ್ಲೆಂಡಿಗೆ ಮಾತ್ರ. ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಹೀಗಿಲ್ಲ. ಅದನ್ನು ಚಲಾಯಿಸಲು ಸರಿಯಾದ ಹೊತ್ತು: ಜಿಪಿ ಮೊದಲ ರೆಫರಲ್ ಮಾಡುವಾಗ, ಅಂದರೆ ಆಸ್ಪತ್ರೆಗೆ ಬರೆದು ಕಳಿಸುವಾಗ. ಯಾವ ಆಸ್ಪತ್ರೆ, ಯಾವ ಹಿರಿಯ ಸರ್ಜನ್, ಅಂದರೆ ಕನ್ಸಲ್ಟೆಂಟ್‌ನ ತಂಡ ಎಂದು ಆಗಲೇ ಹೇಳಬೇಕು. ಆನ್‌ಲೈನ್ ಪಟ್ಟಿಯಲ್ಲಿ ಹತ್ತಿರದ ಒಂದೇ ಆಸ್ಪತ್ರೆ ಹಾಕಿದ್ದರೆ, ಇನ್ನೆರಡು ಸೇರಿಸಿ ಎಂದು ಬಾಯಿಬಿಟ್ಟು ಕೇಳಿ. ಪದೇ ಪದೇ ಆಗುವುದು ಏನೆಂದರೆ, ಆರೆಂಟು ತಿಂಗಳು ಕಾದ ಮೇಲೆ ಯಾರೋ ಹೇಳಿದರೆಂದು ಸರ್ಜನ್ ಹೆಸರು ಹುಡುಕುತ್ತಾರೆ, ಗಾಬರಿಯಾಗಿ ಬದಲಿಸಿ ಎನ್ನುತ್ತಾರೆ. ಆಗ ಹೊಸ ರೆಫರಲ್, ಹೊಸ ಸಾಲು ಬೇಕಾಗಬಹುದು. ಕಾದ ತಿಂಗಳುಗಳು ನೀರಿನಲ್ಲಿ ಹೋಮ ಆಗಬಹುದು. ಎನ್‌ಎಚ್‌ಎಸ್ ರೋಗಿಗಳನ್ನು ತೆಗೆದುಕೊಳ್ಳುವ ಖಾಸಗಿ ಆಸ್ಪತ್ರೆಯನ್ನೂ ಆರಿಸಬಹುದು, ನಿಮ್ಮ ಜೇಬಿನಿಂದ ಒಂದು ಪೌಂಡೂ ಹೋಗುವುದಿಲ್ಲ. ಆದರೆ ಅಲ್ಲಿ ಐಸಿಯು ಇಲ್ಲದಿದ್ದರೆ ತೂಕ ಹೆಚ್ಚಿದ್ದವರನ್ನು, ಹೃದಯದ ತೊಂದರೆ ಇದ್ದವರನ್ನು ವಾಪಸ್ ಕಳಿಸುತ್ತಾರೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಮಿತಿ ಎಷ್ಟೆಂದು ಮೊದಲೇ ಫೋನ್ ಮಾಡಿ ಕೇಳಿ.

ಹುಡುಕುವುದು ಎಲ್ಲಿ? ನ್ಯಾಷನಲ್ ಜಾಯಿಂಟ್ ರಿಜಿಸ್ಟ್ರಿಯಲ್ಲಿ. 2003ರಿಂದ ಕೀಲು ಬದಲಾವಣೆಯ ಆಪರೇಷನ್‌ಗಳ ಲೆಕ್ಕ ಅಲ್ಲಿ ಸೇರುತ್ತಿದೆ. ಸರ್ಜನ್ ಹೆಸರು ಹಾಕಿದರೆ ಎಷ್ಟು ಹಿಪ್ ಮಾಡಿದ್ದಾರೆ, ಅವರ ಫಲಿತಾಂಶ ನಿರೀಕ್ಷೆಯ ಮಟ್ಟದಲ್ಲಿದೆಯೋ ಇಲ್ಲವೋ ಎಂದು ತೋರಿಸುತ್ತದೆ. ಬೆಂಗಳೂರಿನ ಯಾವ ಆಸ್ಪತ್ರೆಯ ಸರ್ಜನ್ ಬಗ್ಗೆಯೂ ಇಂಥ ಲೆಕ್ಕ ರೋಗಿಯ ಕೈಗೆ ಸಿಗುವುದಿಲ್ಲ. ಈ ಒಂದು ವಿಷಯದಲ್ಲಿ ಇಂಗ್ಲೆಂಡ್ ಮುಂದು, ಎರಡು ಮಾತಿಲ್ಲ.

ನೋಡಬೇಕಾದದ್ದು ಅನುಭವದ ವರ್ಷಗಳನ್ನಲ್ಲ, ವರ್ಷಕ್ಕೆ ಎಷ್ಟು ಹಿಪ್ ಎಂಬುದನ್ನು. ಕೆನಡಾದ ಒಂಟಾರಿಯೊದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ 35ಕ್ಕಿಂತ ಕಡಿಮೆ ಮಾಡುವವರ ರೋಗಿಗಳಲ್ಲಿ ಕೀಲು ಜಾರುವುದು, ಬೇಗನೆ ಮತ್ತೆ ಬಿಚ್ಚಬೇಕಾಗುವುದು ಹೆಚ್ಚೆಂದು ಕಂಡಿತು. ಕಾರಣ ಸರಳ. ಸೊಂಟದ ಗೂಡಿನಲ್ಲಿ ಹಾಕುವ ಬಟ್ಟಲಿನಂಥ ಕಪ್ ಅನ್ನು ಸುಮಾರು 40 ಡಿಗ್ರಿ ಓರೆಯಾಗಿ, 15 ಡಿಗ್ರಿ ಮುಂದಕ್ಕೆ ಮುಖ ಮಾಡಿ ಕೂರಿಸುವುದು ವಾಡಿಕೆ. ಹತ್ತು ಡಿಗ್ರಿ ಆಚೀಚೆ ನಡೆದೀತು. ಅದಕ್ಕಿಂತ ತಪ್ಪಿದರೆ ಕಾಲು ಮಡಚಿ ಕೂರುವಾಗ ಕಪ್ಪಿನೊಳಗೆ ತಿರುಗುವ ಕೃತಕ ಚೆಂಡು ಹೊರಕ್ಕೆ ಜಾರುವ ಅಪಾಯ ಏರುತ್ತದೆ. ಸ್ಟೆಮ್ (ತೊಡೆಮೂಳೆಯೊಳಗೆ ಇಳಿಸುವ ಲೋಹದ ಕಡ್ಡಿ) ಬಡಿಯುವಾಗ ಸುತ್ತಿಗೆಯ ಸದ್ದು ಬದಲಾಗುವುದನ್ನು ಕೈ, ಕಿವಿ ಗುರುತಿಸಬೇಕು. ಮೀರಿ ಬಡಿದರೆ ತೊಡೆಮೂಳೆ ಸೀಳುತ್ತದೆ. ಮುಂಭಾಗದಿಂದ ಸೀಳಿ ಮಾಡುವ ವಿಧಾನ ಹೊಸದಾಗಿ ಕಲಿಯುತ್ತಿರುವವರಿಗೆ ಕೈ ಪಳಗಲು 50 ರಿಂದ 100 ಕೇಸ್ ಬೇಕು. ಆ ವಿಧಾನ ಎಂದರೆ, ಇಲ್ಲಿಯವರೆಗೆ ಹೀಗೆ ಎಷ್ಟು ಮಾಡಿದ್ದೀರಿ ಎಂದು ಕೇಳಲು ಸಂಕೋಚ ಬೇಡ.

ಅಂಕಿಯನ್ನು ಕುರುಡಾಗಿಯೂ ನಂಬಬೇಡಿ. ಹುಟ್ಟಿನಿಂದ ಕೀಲು ಸರಿಯಿಲ್ಲದವರು, ನಮ್ಮವರಲ್ಲಿ ಚಿಕ್ಕ ವಯಸ್ಸಿಗೇ ಕಾಣುವ ಎವಿಎನ್ (ರಕ್ತ ಹರಿಯದೆ ಮೂಳೆ ಸಾಯುವುದು), ಹಳೆಯದನ್ನು ತೆಗೆದು ಮತ್ತೆ ಹಾಕುವುದು, ಇಂಥ ಕಷ್ಟದ ಕೇಸ್‌ಗಳು ಬಂದು ಬೀಳುವ ಒಳ್ಳೆಯ ಸರ್ಜನ್‌ನ ಅಂಕಿ ಸುಲಭದ ಕೇಸ್ ಮಾತ್ರ ಮಾಡುವವರಿಗಿಂತ ಮಂಕಾಗಿ ಕಾಣಬಹುದು.

ಇನ್ನು ಕನ್ಸೆಂಟ್ ಫಾರಂ, ಅಂದರೆ ಒಪ್ಪಿಗೆ ಪತ್ರ. ಇಂತಹವರೇ ಆಪರೇಷನ್ ಮಾಡುತ್ತಾರೆ ಎಂಬ ಖಾತ್ರಿ ಕೊಡಲಾಗುವುದಿಲ್ಲ ಎಂದು ಎನ್‌ಎಚ್‌ಎಸ್ ಫಾರಂನಲ್ಲಿ ಬರೆದೇ ಇರುತ್ತದೆ. ಕನ್ಸಲ್ಟೆಂಟ್ ಹೆಸರು ನೋಡಿ ಸಹಿ ಹಾಕಿದರೂ ಬ್ಲೇಡ್ ಹಿಡಿಯುವುದು ರಿಜಿಸ್ಟ್ರಾರ್ (ತರಬೇತಿಯಲ್ಲಿರುವ ಸರ್ಜನ್) ಇರಬಹುದು. ಇದಕ್ಕೆ ಹೆದರಬೇಕಿಲ್ಲ, ಕನ್ಸಲ್ಟೆಂಟ್ ಗ್ಲೌಸ್ ಹಾಕಿ ಟೇಬಲ್ ಪಕ್ಕದಲ್ಲೇ ನಿಂತಿದ್ದರೆ ಫಲಿತಾಂಶ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಕೇಳಬೇಕಾದ ಪ್ರಶ್ನೆ: ಕನ್ಸಲ್ಟೆಂಟ್ ಟೇಬಲ್ ಹತ್ತಿರವೇ ಇರುತ್ತಾರಾ? (ಅವರನ್ನು ಡಾಕ್ಟರ್ ಎನ್ನದೆ ಮಿಸ್ಟರ್ ಎಂದು ಕರೆಯುತ್ತಾರೆ, ಡಿಗ್ರಿ ಇಲ್ಲವೆಂದುಕೊಳ್ಳಬೇಡಿ.)

ಬಿದ್ದು ಸೊಂಟದ ಮೂಳೆ ಮುರಿದರೆ ಇದ್ಯಾವುದೂ ಇಲ್ಲ. ಸೇರಿದ ದಿನ ಅಥವಾ ಮರುದಿನವೇ ಆಪರೇಷನ್ ಆಗಬೇಕು. ಆಗ ಸರ್ಜನ್ ಹುಡುಕುತ್ತಾ ಕೂರಬೇಡಿ.

ಕಾಯಲಾರೆ, ಊರಿಗೇ ಹೋಗಿ ಮಾಡಿಸುತ್ತೇನೆ ಎನ್ನುವವರೂ ಬಹಳ. ಬೆಂಗಳೂರಿನಲ್ಲಿ ಬೇಗ ಆಗುತ್ತದೆ, ಸರ್ಜನ್ ಜೊತೆ ನೇರವಾಗಿ ಮಾತಾಡಬಹುದು. ಬೋರ್ಡಿನಲ್ಲಿ ಫೆಲೋಶಿಪ್ (ವಿಶೇಷ ತರಬೇತಿ) ಎಂದಿದ್ದರೆ ಎಷ್ಟು ತಿಂಗಳದ್ದು ಎಂದು ಕೇಳಿ. ಎರಡು ವಾರ ಪಕ್ಕದಲ್ಲಿ ನಿಂತು ನೋಡಿದ್ದಕ್ಕೂ, ವರ್ಷವಿಡೀ ಕೈಯಾರೆ ಮಾಡಿದ್ದಕ್ಕೂ ಅದೇ ಹೆಸರು. ಹೊರಡುವಾಗ ಡಿಸ್ಚಾರ್ಜ್ ಸಮ್ಮರಿ ಸಾಲದು. ಆಪರೇಷನ್ ನೋಟ್ಸ್, ಎಕ್ಸ್‌ರೇ ಸಿಡಿ, ಕಪ್, ಲೈನರ್ (ಕಪ್ಪಿನ ಒಳಪದರ), ಹೆಡ್ (ಚೆಂಡು), ಸ್ಟೆಮ್ ನಾಲ್ಕರ ಸ್ಟಿಕರ್‌ಗಳು ಕೈಯಲ್ಲಿರಲಿ, ಅವುಗಳ ಮೇಲೆ ಕಂಪನಿ, ಸೈಜ್, ಲಾಟ್ ನಂಬರ್ ಇರುತ್ತದೆ. ಮುಂದೆ ಲೈನರ್ ಸವೆದಾಗ ಅದೊಂದನ್ನೇ ಬದಲಿಸಲು ಹೊಂದುವ ಭಾಗ ಯಾವುದೆಂದು ಇಂಗ್ಲೆಂಡಿನ ಸರ್ಜನ್‌ಗೆ ತಿಳಿಯುವುದು ಆ ಸ್ಟಿಕರ್‌ನಿಂದ. ಅದಿಲ್ಲದೆ ಗಟ್ಟಿಯಾಗಿ ಕೂತ ಕಪ್ಪನ್ನೂ ಮೂಳೆಯಿಂದ ಕಿತ್ತು ತೆಗೆಯಬೇಕಾಗಬಹುದು.