ಅಕ್ಕಪಕ್ಕದ ಹಿರಿಯರ ಕಂಪ್ಯೂಟರ್‌ಗೆ ಬ್ಯಾಕಪ್: ನಾನು ಮಾಡಿಕೊಡುವ ರೀತಿ

ಹಿರಿಯರ ಮನೆಗೆ ಬ್ಯಾಕಪ್ (ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಕಡೆ ಇಡುವುದು) ಮಾಡಿಕೊಡಲು ಹೋದರೆ ಮೌಸ್ ಮುಟ್ಟುವ ಮುಂಚೆ ಒಂದು ಮಾತು ಕೇಳಿ: “ನಾಳೆ ಬೆಳಿಗ್ಗೆ ಈ ಕಂಪ್ಯೂಟರ್ ಆನ್ ಆಗಲೇ ಇಲ್ಲ ಅಂದರೆ, ಅಯ್ಯೋ ಅದು ಹೋಯ್ತಲ್ಲ ಅಂತ ನಿಮಗೆ ಅನ್ನಿಸೋದು ಯಾವುದು?” ಯಾವ್ಯಾವ ಫೈಲ್ ಇದೆ ಎಂದು ಕೇಳಿದರೆ ಅವರಿಗೆ ಏನೂ ಹೊಳೆಯುವುದಿಲ್ಲ. ಹೀಗೆ ಕೇಳಿದರೆ ಒಂದರ ಹಿಂದೆ ಒಂದು ಬರುತ್ತದೆ: ಮೊಮ್ಮಗಳ ನಾಮಕರಣದ ಫೋಟೊ, ಮನೆಯ ಖಾತಾ ಸ್ಕ್ಯಾನ್, ಸಂಘದ ಲೆಕ್ಕಪತ್ರ, ಊರಿಂದ ಕೇಳಿ ಬರೆದುಕೊಂಡ ವಂಶವೃಕ್ಷ. ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ನಿವೃತ್ತರೇ ಹೆಚ್ಚು. ಯಾರ ಮನೆಗೆ ಹೋದರೂ ಮೊದಲು ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಕೊನೆಯಲ್ಲಿ ತಾಳೆ ನೋಡುವುದಕ್ಕೆ ಆ ಹಾಳೆಯೇ ಬೇಕು.

ಆಮೇಲೆ ಅವರನ್ನೇ ಕುರ್ಚಿಯಲ್ಲಿ ಕೂರಿಸಿ, ಒಂದೊಂದನ್ನೂ ಅವರ ಕೈಯಲ್ಲೇ ತೆರೆಸಿ. ಫೈಲ್‌ಗಳು ನಿಜವಾಗಿ ಎಲ್ಲಿವೆ ಅನ್ನುವುದು ಆಗ ಗೊತ್ತಾಗುತ್ತದೆ. ಎರಡು ವಿಷಯಕ್ಕೆ ಕಣ್ಣಿಟ್ಟಿರಿ. ಒಂದು, ಡೆಸ್ಕ್‌ಟಾಪ್‌ನಲ್ಲಿ ಮೂಲೆಗೆ ಪುಟ್ಟ ಬಾಣದ ಗುರುತಿರುವ ಐಕಾನ್. ಅದು ಶಾರ್ಟ್‌ಕಟ್, ದಾರಿ ತೋರಿಸುತ್ತದೆ ಅಷ್ಟೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು “ಕಾಪಿ ಆಗಿದೆ” ಎಂದು ನೆಮ್ಮದಿಯಾಗಿರುವವರು ಬಹಳ ಜನ ಇದ್ದಾರೆ. ಇನ್ನೊಂದು, ಡಿ ಡ್ರೈವ್. ಫಾರ್ಮ್ಯಾಟ್ ಮಾಡಿ ವಿಂಡೋಸ್ ಮತ್ತೆ ಹಾಕುವಾಗ ಸಾಮಾನ್ಯವಾಗಿ ಸಿ ಡ್ರೈವ್ ಮಾತ್ರ ಅಳಿಸಿಹೋಗುತ್ತದೆ, ಹಾಗಾಗಿ “ಡಿಯಲ್ಲಿಡಿ, ಸೇಫ್” ಎಂದು ಅಂಗಡಿಯವರು ಹೇಳಿರುತ್ತಾರೆ. ಅಷ್ಟರ ಮಟ್ಟಿಗೆ ಅದು ಸರಿ. ಆದರೆ ಅಂಗಡಿಯಲ್ಲಿ ಜೋಡಿಸಿಕೊಟ್ಟ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ.

ಕನ್ನಡದಲ್ಲಿ ಟೈಪ್ ಮಾಡುವ ಹಿರಿಯರಿದ್ದರೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಎದುರು ಮನೆಯ ಮೇಷ್ಟ್ರು ತಮ್ಮ ಊರಿನ ನೆನಪುಗಳನ್ನೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದಿಟ್ಟಿದ್ದಾರೆ. ಅದೇ ಫೈಲನ್ನು ಅವರ ಮಗಳ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಒಂದಕ್ಷರ ಕನ್ನಡ ಕಾಣಲಿಲ್ಲ. ಪರದೆ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೀಟು, ಚುಕ್ಕೆ. ಫೈಲ್ ಹಾಳಾಗಿರಲಿಲ್ಲ. ಹಳೆಯ ನುಡಿ ಅಥವಾ ಅಂಥದ್ದೇ ತಂತ್ರಾಂಶವಾದ ‘ಬರಹ’ದ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇರುವುದು ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಲ್ಲಿ. ಡಾಕ್ಯುಮೆಂಟ್ಸ್ ಫೋಲ್ಡರನ್ನು ಎಷ್ಟು ಜೋಪಾನವಾಗಿ ಕಾಪಿ ಮಾಡಿದರೂ ಅದು ಜೊತೆಗೆ ಬರುವುದಿಲ್ಲ. ಆದ್ದರಿಂದ ನುಡಿ, ಬರಹ ಫಾಂಟ್‌ಗಳನ್ನೂ, ಆ ತಂತ್ರಾಂಶದ ಸೆಟಪ್ ಫೈಲನ್ನೂ ಬ್ಯಾಕಪ್ ಡಿಸ್ಕ್‌ಗೆ ಹಾಕಿ. ಮುಖ್ಯವಾದ ಬರಹಗಳನ್ನು ಪಿಡಿಎಫ್ ಕೂಡ ಮಾಡಿಡಿ. ಅದರಲ್ಲಿ ಫಾಂಟ್ ಒಳಗೇ ಸೇರಿಕೊಳ್ಳುವುದರಿಂದ ಯಾವ ಕಂಪ್ಯೂಟರ್‌ನಲ್ಲಾದರೂ ಓದಬಹುದು. ಯೂನಿಕೋಡ್‌ಗೆ ಪರಿವರ್ತಿಸಿದರೆ ಇನ್ನೂ ಒಳ್ಳೆಯದು. ಆದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಎಡವಟ್ಟಾಗಬಹುದು, ಮೂಲ ಫೈಲ್ ಅಳಿಸಬೇಡಿ. ಮೇಷ್ಟ್ರಿಗೆ ಮೂರೂ ರೂಪದಲ್ಲಿ ಮಾಡಿಕೊಟ್ಟೆ. ಅವರ ಬರವಣಿಗೆ ಬೇರೆಲ್ಲೂ ಇಲ್ಲ, ಇನ್ನೊಬ್ಬರು ಮತ್ತೆ ಬರೆಯಲೂ ಆಗುವುದಿಲ್ಲ.

ಡಿಸ್ಕ್ ವಿಷಯ ಸುಲಭ. 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಎರಡು, ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ. ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಾದರೂ ಸರಿ, ಬಿಲ್ ಬಿಡಬೇಡಿ, ವಾರಂಟಿಗೆ ಬೇಕಾಗುತ್ತದೆ. ಬೆಲೆ ನೋಡಿ ನಂಬಲಾಗದಷ್ಟು ಅಗ್ಗವಾದ ದೊಡ್ಡ ಪೆನ್‌ಡ್ರೈವ್‌ಗಳಿಗೆ ಮರುಳಾಗಬೇಡಿ. ಮೇಲೆ ಬರೆದಷ್ಟು ಜಾಗ ಒಳಗೆ ಇರದ ನಕಲಿಗಳಿವೆ, ತುಂಬಿದ ಮೇಲೆ ಹಾಕಿದ ಫೈಲ್‌ಗಳು ತೆರೆಯುವುದೇ ಇಲ್ಲ. ಹಳೆಯ ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಮದುವೆ ವೀಡಿಯೊ ಕಾಪಿ ಆಗದೆ ನಿಲ್ಲುವುದು ಇದಕ್ಕೇ.

ಕಾಪಿ ಮಾಡುವಾಗ ಸಿಪಿಯುವಿನ ಹಿಂಬದಿಯ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿ. ನೀಲಿ ಬಣ್ಣದ್ದು ಇದ್ದರೆ ಸಾಮಾನ್ಯವಾಗಿ ಅದು ಯುಎಸ್‌ಬಿ 3, ವೇಗ ಜಾಸ್ತಿ. ಕಂಪ್ಯೂಟರ್ ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಡಿಸ್ಕ್ ಕೊನೆಗಾಲದಲ್ಲಿದೆ ಎಂದುಕೊಳ್ಳಿ. ಹಾಳೆಯಲ್ಲಿ ಮೊದಲು ಹೇಳಿದ್ದನ್ನೇ ಮೊದಲು ಎತ್ತಿಕೊಳ್ಳಿ, ಸಿನಿಮಾ, ಹಾಡು ಎಲ್ಲ ಆಮೇಲೆ. ಸದ್ದಿಲ್ಲದಿದ್ದರೆ ಸಿ ಡ್ರೈವ್‌ನ ಯೂಸರ್ಸ್ ಒಳಗೆ ಅವರ ಹೆಸರಿನ ಫೋಲ್ಡರ್‌ನಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವೀಡಿಯೋಸ್, ಡೌನ್‌ಲೋಡ್ಸ್, ಜೊತೆಗೆ ಡಿ ಡ್ರೈವ್‌ನಲ್ಲಿ ಸಿಕ್ಕಿದ್ದು.

ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಎಂಬ ಸೌಲಭ್ಯ ಇದೆ, ತಾನೇ ಗಂಟೆಗೊಮ್ಮೆ ಉಳಿಸುತ್ತದೆ. ಆದರೆ ಡಿಸ್ಕ್ ಸದಾ ಸಿಕ್ಕಿಸಿಯೇ ಇರಬೇಕು, ಡಿ ಡ್ರೈವನ್ನು ನಾವಾಗಿ ಸೇರಿಸದಿದ್ದರೆ ಅದು ಮುಟ್ಟುವುದಿಲ್ಲ. ಸಿಕ್ಕಿಸಿಯೇ ಇಟ್ಟ ಡಿಸ್ಕ್ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಕಂಪ್ಯೂಟರ್ ಜೊತೆಗೇ ಬೀಗ ಬಿದ್ದು ಕೂರುತ್ತದೆ. ಹಾಗಾಗಿ ಹಿರಿಯರಿಗೆ ನಾನು ಸರಳ ಕಾಪಿಯನ್ನೇ ಹೇಳಿಕೊಡುವುದು. ಪ್ರತಿ ಸಲ ವರ್ಷ, ತಿಂಗಳ ಹೆಸರಿನ ಹೊಸ ಫೋಲ್ಡರ್ ಮಾಡಿ ಅದರೊಳಗೆ ಕಾಪಿ. ಹಳೆಯದರ ಮೇಲೆ ಹಾಕಬೇಡಿ, ಈ ತಿಂಗಳು ಕೆಟ್ಟ ಫೈಲ್ ಹೋದ ತಿಂಗಳ ಒಳ್ಳೆಯ ಫೈಲನ್ನು ನುಂಗಬಾರದು. ಜಾಗ ಸಾಲದಾದಾಗ ಎಲ್ಲಕ್ಕಿಂತ ಹಳೆಯ ಫೋಲ್ಡರ್ ತೆಗೆದರಾಯಿತು.

“ಎಲ್ಲಾ ಗೂಗಲ್‌ನಲ್ಲಿದೆ” ಎಂದರೆ ತೆರೆದು ನೋಡಿ. ಗೂಗಲ್‌ನ ಉಚಿತ 15 ಜಿಬಿಯಲ್ಲಿ ಮೇಲ್, ಫೋಟೊ, ಡ್ರೈವ್ ಎಲ್ಲ ಸೇರಿದೆ. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿ 5 ಜಿಬಿ. ತುಂಬಿದರೆ ಹೊಸದು ಹೋಗುವುದು ನಿಲ್ಲುತ್ತದೆ, ಬರುವ ಎಚ್ಚರಿಕೆಯನ್ನು ಜಾಹೀರಾತು ಎಂದುಕೊಂಡು ಮುಚ್ಚಿರುತ್ತಾರೆ. ಜೊತೆಗೆ, ಕಂಪ್ಯೂಟರ್‌ನಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಒನ್‌ಡ್ರೈವ್‌ನ ಕಸದಬುಟ್ಟಿಯಲ್ಲಿ ಉಳಿಯುವುದು 30 ದಿನ. ಇದ್ದರೆ ಒಳ್ಳೆಯದೇ, ಅದೊಂದನ್ನೇ ನೆಚ್ಚಬೇಡಿ.

ಪಾಸ್‌ವರ್ಡ್ ಕೇಳಬೇಡಿ. ಅವರು ಟೈಪ್ ಮಾಡುವಾಗ ಕಿಟಕಿಯ ಕಡೆ ತಿರುಗಿ. ಕಂಪ್ಯೂಟರ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಆಗಿದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಅವರ ಕೈಯಲ್ಲೇ ಬರೆಸಿ, ಮನೆಪತ್ರಗಳ ಜೊತೆ ಬೀರುವಿನಲ್ಲಿ ಇಡಿಸಿ.

ಕಾಪಿ ಮುಗಿಯಿತು ಎಂದರೆ ಅರ್ಧ ಕೆಲಸ ಆಯಿತು. ಈಗ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿ, ಹಾಳೆ ಹಿಡಿದುಕೊಂಡು, “ನಾಮಕರಣದ ಫೋಟೊ ತೆರೆಯಿರಿ” ಎನ್ನಿ. ತೆರೆಯಬೇಕಾದವರು ಅವರು. ನೀವು ಮೌಸ್ ಮುಟ್ಟಿದರೆ ಮುಂದೆ ನಿಮಗೇ ಕಾಯುತ್ತಾರೆ, ನೀವು ಊರಲ್ಲಿಲ್ಲದ ವಾರವೇ ಡಿಸ್ಕ್ ಕೆಡುತ್ತದೆ. ಮೇಷ್ಟ್ರ ಮನೆಯವರು ಮೊದಲು ಹಿಂಜರಿದರು. ಆದರೆ ಸೀಮಂತದ ಫೋಟೊ ಅವರ ಕೈಯಲ್ಲೇ ತೆರೆದುಕೊಂಡಾಗ, “ಇಷ್ಟೇನಾ?” ಎಂದು ಪಕ್ಕದ ಫೋಲ್ಡರ್‌ಗಳನ್ನೂ ತೆರೆಯುತ್ತಾ ಕೂತರು.

ಮುಂದಿನ ಬ್ಯಾಕಪ್‌ಗೆ ತಾರೀಕು ಗೊತ್ತು ಮಾಡಿದರೆ ಮರೆತುಹೋಗುತ್ತದೆ. ಕರೆಂಟ್ ಬಿಲ್ ಬಂದ ದಿನ ಎಂದು ಹೇಳಿದ್ದೇನೆ, ನಮ್ಮ ಬೀದಿಯಲ್ಲಿ ಅದು ನಡೆಯುತ್ತಿದೆ. ಮೇಜಿನ ಗಾಜಿನ ಕೆಳಗೆ ದಪ್ಪ ಅಕ್ಷರದಲ್ಲಿ ಹೆಜ್ಜೆಗಳನ್ನು ಬರೆದ ಚೀಟಿ ಇರಲಿ. ಡಿಸ್ಕ್ ಕೀಳುವ ಮುಂಚೆ ಇಜೆಕ್ಟ್ ಒತ್ತುವುದು ಅದರಲ್ಲಿ ಇರಲೇಬೇಕು. ಎರಡನೆಯ ಡಿಸ್ಕ್ ಬೇರೆ ಮನೆಯಲ್ಲಿರಲಿ. ಮಗ ಮೈಸೂರಿನಲ್ಲಿದ್ದರೆ ಅಲ್ಲಿ, ಹಬ್ಬಕ್ಕೆ ಬಂದಾಗ ಅದಲುಬದಲು ಮಾಡಿಕೊಂಡರೆ ಸಾಕು. ಮಳೆಗೆ ನೀರು ನುಗ್ಗುವ ಬಡಾವಣೆಗಳಲ್ಲಿ, ನೆಲಮಹಡಿಯ ಮನೆಗಳಲ್ಲಿ ಇದು ಇನ್ನೂ ಮುಖ್ಯ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸ ಕಂಪ್ಯೂಟರ್ ಕೊಳ್ಳುವ ಹಿರಿಯರು ಇರುತ್ತಾರೆ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮುನ್ನ ಅದರ ಹಾರ್ಡ್ ಡಿಸ್ಕ್ ಬಿಚ್ಚಿಸಿ ಮನೆಯಲ್ಲೇ ಇಟ್ಟುಕೊಳ್ಳಲು ಹೇಳಿ. ಬೆಲೆಯಲ್ಲಿ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ. ಹಾಳೆಗೆ ಬಾರದೆ ಉಳಿದ ಫೈಲ್ ಯಾವುದಾದರೂ ಆರು ತಿಂಗಳಾದ ಮೇಲೆ ನೆನಪಾದರೆ ಅದರಲ್ಲಿ ಸಿಗುತ್ತದೆ.