ಶಾಸಕರಿಗೆ ಹವಾಮಾನದ ಮನವಿ: ನಾವು ಕೊಡುವ ಕ್ರಮ

"ಜಾಗತಿಕ ತಾಪಮಾನ ಏರಿಕೆ ತಡೆಯಲು ಸೂಕ್ತ ಕ್ರಮ ಕೈಗೊಳ್ಳಬೇಕು" ಎಂದು ಮನವಿ ಬರೆದರೆ ಸಿಗುವುದು ಒಂದು ಫೋಟೊ, ಅಂಚಿನಲ್ಲೊಂದು "ಪರಿಶೀಲಿಸಿ" ಎಂಬ ಷರಾ. ಅದನ್ನು ಯಾವ ಇಲಾಖೆಗೆ ಕಳಿಸಬೇಕೆಂದು ಆಪ್ತ ಸಹಾಯಕರಿಗೂ ತೋಚುವುದಿಲ್ಲ. 2070ಕ್ಕೆ ನಿವ್ವಳ ಶೂನ್ಯ (ಹೊಮ್ಮಿದಷ್ಟು ಇಂಗಾಲವನ್ನು ಹೀರಿಕೊಂಡು ಸರಿದೂಗಿಸುವುದು), 2030ರೊಳಗೆ ಜಿಡಿಪಿಯ ಪ್ರತಿ ರೂಪಾಯಿಗೆ ಹೊಮ್ಮುವ ಇಂಗಾಲವನ್ನು 2005ಕ್ಕಿಂತ ಶೇ 45ರಷ್ಟು ತಗ್ಗಿಸುವುದು, ಇವೆಲ್ಲ ಕೇಂದ್ರ ಸರ್ಕಾರದ ಗುರಿಗಳು. ಶಾಸಕರ ಕೈಯಲ್ಲಿರುವುದು ಸದನದಲ್ಲಿ ಪ್ರಶ್ನೆ, ಇಲಾಖೆಗೆ ಪತ್ರ, ಮತ್ತು ಪ್ರದೇಶಾಭಿವೃದ್ಧಿ ನಿಧಿ. ಹಾಗಾಗಿ ನಮ್ಮ ಗುಂಪು ಒಂದು ಮನವಿಯಲ್ಲಿ ಒಂದೇ ಬೇಡಿಕೆ ಇಡುತ್ತದೆ. ಅದೂ ಈ ಮೂರರಲ್ಲೊಂದರಿಂದ ಆಗುವಂಥದ್ದು.

ಒಂದು ಉದಾಹರಣೆ: ತಾಲ್ಲೂಕು ಆಸ್ಪತ್ರೆಯ ಚಾವಣಿಗೆ 25 ಕಿಲೋವಾಟ್ ಸೌರ ಘಟಕ. ಕಿಲೋವಾಟಿಗೆ 100 ಚದರ ಅಡಿ ನೆರಳಿಲ್ಲದ ಜಾಗ ಬೇಕು, ಅಂದರೆ 2,500 ಚದರ ಅಡಿ. ನಮ್ಮ ಕಡೆಯ ಬಿಸಿಲಿಗೆ ಕಿಲೋವಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಲೆಕ್ಕದಲ್ಲಿ ವರ್ಷಕ್ಕೆ 36,000 ಯೂನಿಟ್ ದಾಟುತ್ತದೆ. ದೇಶದ ವಿದ್ಯುತ್ ಜಾಲ, ಅಂದರೆ ಗ್ರಿಡ್‌ನ ಸರಾಸರಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದಿಟ್ಟುಕೊಂಡರೆ ವರ್ಷಕ್ಕೆ 25 ಟನ್ ಉಳಿತಾಯ. ಶಾಲೆ ಬಿಟ್ಟು ಆಸ್ಪತ್ರೆ ಹಿಡಿಯಲು ಕಾರಣವಿದೆ. ಆಸ್ಪತ್ರೆ ವರ್ಷವಿಡೀ ಹಗಲು ಕರೆಂಟು ಬಳಸುತ್ತದೆ. ಶಾಲೆಯ ಚಾವಣಿ ಬೇಸಿಗೆ ರಜೆಯಲ್ಲಿ, ಬಿಸಿಲು ಚುರುಕಾಗಿರುವ ಹೊತ್ತಿನಲ್ಲೇ, ಶಾಲೆಗೇ ಬೇಡವಾದ ಕರೆಂಟು ಮಾಡುತ್ತಿರುತ್ತದೆ.

ಮನವಿಗೆ ಮುಂಚೆ ಚಾವಣಿ ಹತ್ತಿ ನೋಡಲೇಬೇಕು. ನೀರಿನ ಟ್ಯಾಂಕಿನ ನೆರಳು, ದಕ್ಷಿಣಕ್ಕಿರುವ ಮರ, ಸೋರುವ ಆರ್‌ಸಿಸಿ, ಇವು ಎಂಜಿನಿಯರ್ ಬಂದ ದಿನವೇ ಯೋಜನೆ ಮುಗಿಸುತ್ತವೆ. ವಿದ್ಯುತ್ ಬಿಲ್ಲಿನ ಜೆರಾಕ್ಸ್ ಲಗತ್ತಿಸಿ, ಆರ್‌.ಆರ್‌. ಸಂಖ್ಯೆಯೂ (ಸಂಪರ್ಕದ ಗುರುತು ಸಂಖ್ಯೆ) ಮಂಜೂರಾದ ಲೋಡೂ (ಆ ಸಂಪರ್ಕಕ್ಕೆ ಒಪ್ಪಿಗೆಯಾದ ಕಿಲೋವಾಟ್) ಅದರಲ್ಲೇ ಇರುತ್ತವೆ. ಲೋಡಿಗಿಂತ ದೊಡ್ಡ ಘಟಕ ಕೇಳಿದರೆ ಮೊದಲು ಲೋಡ್ ಹೆಚ್ಚಿಸಿಕೊಳ್ಳಿ ಎಂಬ ಉತ್ತರ ಬರುತ್ತದೆ. ಇನ್ನೊಂದು ಮಾತನ್ನು ಆಸ್ಪತ್ರೆಯವರಿಗೆ ಮೊದಲೇ ಹೇಳಿಬಿಡಬೇಕು: ಬ್ಯಾಟರಿ ಇಲ್ಲದ ಗ್ರಿಡ್ ಘಟಕ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಇನ್ವರ್ಟರ್ ಹಾಗೆ ಮಾಡಿರುತ್ತಾರೆ. ಇದನ್ನು ಮುಚ್ಚಿಟ್ಟರೆ ಮೊದಲ ಪವರ್ ಕಟ್‌ನಲ್ಲೇ "ನಿಮ್ಮ ಸೋಲಾರ್ ಕೆಟ್ಟಿದೆ" ಎಂದು ಹೆಸರು ಬರುತ್ತದೆ. ಪ್ಯಾನೆಲ್ ತೊಳೆಯಲು ಮೇಲೆ ನಲ್ಲಿ, ವಾರ್ಷಿಕ ನಿರ್ವಹಣೆಗೆ ದುಡ್ಡು, ಇವೆರಡನ್ನೂ ಬೇಡಿಕೆಯಲ್ಲೇ ಸೇರಿಸಿ.

ಎಲೆಕ್ಟ್ರಿಕ್ ಬಸ್ ಕೇಳುವವರು ಲೆಕ್ಕದಲ್ಲಿ ಹುಷಾರಾಗಿರಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಡೈಆಕ್ಸೈಡ್. ಲೀಟರಿಗೆ 4.5 ಕಿ.ಮೀ. ಓಡುವ ಸಾದಾ ಬಸ್ಸಿಗೆ ಕಿ.ಮೀ.ಗೆ 0.6 ಕೆ.ಜಿ. ಆಯಿತು. ಎಲೆಕ್ಟ್ರಿಕ್ ಬಸ್ಸಿಗೆ ಕಿ.ಮೀ.ಗೆ ಒಂದರಿಂದ ಒಂದೂಕಾಲು ಯೂನಿಟ್ ಬೇಕು, ಅದೇ ಗ್ರಿಡ್ ಸರಾಸರಿಯಲ್ಲಿ 0.7ರಿಂದ 0.9 ಕೆ.ಜಿ. ಊರೊಳಗಿನ ಹೊಗೆ ಖಂಡಿತ ತಪ್ಪುತ್ತದೆ, ಆದರೆ ಇಂಗಾಲ ಇಳಿಯಬೇಕಾದರೆ ಡಿಪೊಗೆ ಸೌರ ಅಥವಾ ಪವನ ವಿದ್ಯುತ್ ಬರಬೇಕು. ಬಸ್ಸಿನ ಜೊತೆ ಅದನ್ನೂ ಕೇಳಿ. ಲೆಕ್ಕ ಬಲ್ಲ ಅಧಿಕಾರಿ ಎದುರು ಕೂತರೆ ಮೊದಲು ಕೈ ಇಡುವುದೇ ಅಲ್ಲಿ.

ಮನವಿ ಒಂದೇ ಪುಟ. ಸಹಿ ಹಾಳೆಯಲ್ಲಿ ಹೆಸರು ಮತ್ತು ಊರು ಅಥವಾ ವಾರ್ಡ್ ಸಾಕು. ಫೋನ್, ಆಧಾರ್ ಸಂಖ್ಯೆ ಬೇಡ. ಒಂದೇ ಬಡಾವಣೆಯ ನೂರು ಸಹಿಗಿಂತ ಹತ್ತು ಹಳ್ಳಿಯ ನಲವತ್ತು ಸಹಿಗೆ ತೂಕ ಹೆಚ್ಚು. ಹೋಗುವವರು ನಾಲ್ಕೈದು ಜನ ಇರಲಿ, ಯಾರ ಹೆಗಲ ಮೇಲೂ ಪಕ್ಷದ ಶಾಲು ಇರದಿರಲಿ. "ಸಾರ್, ಇದರ ಬಗ್ಗೆ ನಿಮ್ಮ ಲೆಟರ್‌ಹೆಡ್‌ನಲ್ಲಿ ಆರೋಗ್ಯ ಇಲಾಖೆ ಆಯುಕ್ತರಿಗೆ ಒಂದು ಪತ್ರ ಬೇಕು" ಎಂದು ನೇರವಾಗಿ ಕೇಳಿ, ಪತ್ರದ ಕರಡನ್ನೂ ಕೈಗಿಡಿ. ನಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಹೋದ ಪತ್ರದ ಸಂಖ್ಯೆ, ಈ ಮೂರೂ ಇಲ್ಲದೆ ಅಲ್ಲಿಂದ ಏಳಬೇಡಿ.

ಸದನದಲ್ಲಿ ಕೇಳಬೇಕಾದ ಪ್ರಶ್ನೆಯ ಕರಡು ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಶಾಸಕರಿಗೆ ತಲುಪಬೇಕು. ಸದನ ಶುರುವಾದ ಮೇಲೆ ಕೊಟ್ಟದ್ದು ಮುಂದಿನ ಅಧಿವೇಶನಕ್ಕೇ ಸರಿ. ಅಂಕಿಅಂಶ ಬೇಕಿದ್ದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆ ಸಾಕು, ಲಿಖಿತ ಉತ್ತರ ಅನುಬಂಧದ ಸಮೇತ ಬರುತ್ತದೆ. "ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂದು ಶುರುಮಾಡಿದರೆ "ಬಂದಿದೆ" ಎಂಬ ಒಂದೇ ಪದ ಸಿಗುತ್ತದೆ. "ಬಾರದಿದ್ದಲ್ಲಿ ಕಾರಣವೇನು" ಎಂದರೆ "ಉದ್ಭವಿಸುವುದಿಲ್ಲ". ನಮ್ಮ ಕರಡು ಹೀಗಿರುತ್ತದೆ:

ಅ) ರಾಜ್ಯದ ತಾಲ್ಲೂಕು ಆಸ್ಪತ್ರೆಗಳ ಪೈಕಿ ಎಷ್ಟಕ್ಕೆ ಚಾವಣಿ ಸೌರ ಘಟಕ ಅಳವಡಿಸಲಾಗಿದೆ, (ಸಾಮರ್ಥ್ಯ ಸಹಿತ ತಾಲ್ಲೂಕುವಾರು ವಿವರ ನೀಡುವುದು)
ಆ) ಅವುಗಳಲ್ಲಿ ಪ್ರಸ್ತುತ ಎಷ್ಟು ಚಾಲನೆಯಲ್ಲಿವೆ; ಕಳೆದ ಮೂರು ವರ್ಷಗಳಲ್ಲಿ ಉತ್ಪಾದಿಸಿದ ಯೂನಿಟ್‌ಗಳೆಷ್ಟು;
ಇ) ಉಳಿದವುಗಳಿಗೆ ಯಾವ ಕಾಲಮಿತಿಯೊಳಗೆ ಅಳವಡಿಸಲಾಗುವುದು?

(ಆ)ಗೆ ಬರುವ ಉತ್ತರವೇ ಮುಖ್ಯ. ಹಾಕಿದ್ದೆಷ್ಟು ಎನ್ನುವುದನ್ನು ಇಲಾಖೆ ಹೆಮ್ಮೆಯಿಂದ ಕೊಡುತ್ತದೆ, ಓಡುತ್ತಿರುವುದೆಷ್ಟು ಎಂದು ಕೇಳಿದಾಗ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎನ್ನುತ್ತದೆ. "ಕ್ರಮ ವಹಿಸಲಾಗುವುದು" ಎಂದು ಸಚಿವರು ಸದನದಲ್ಲಿ ಹೇಳಿದ್ದರೆ ಅದು ಭರವಸೆ, ಅದನ್ನು ನೋಡಿಕೊಳ್ಳಲು ವಿಧಾನಸಭೆಯಲ್ಲಿ ಭರವಸೆಗಳ ಸಮಿತಿಯೇ ಇದೆ. ದಿನಾಂಕ, ಪ್ರಶ್ನೆ ಸಂಖ್ಯೆ ಹಾಕಿ ಸಮಿತಿಗೆ ಬರೆಯುತ್ತೇವೆ.

ಶಾಸಕರ ಪತ್ರ ಇಲಾಖೆಯಲ್ಲಿ ಎಲ್ಲಿ ಕೂತಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಅರ್ಜಿ ಇದೆ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು. ನಾವು ಕೇಳುವುದು ಕಡತದ ಟಿಪ್ಪಣಿ ಹಾಳೆಯ ನಕಲನ್ನು ಮಾತ್ರ. ಯಾವ ಮೇಜಿನಿಂದ ಯಾವ ದಿನ ಯಾವ ಮೇಜಿಗೆ ಹೋಯಿತು, ಯಾರು "ಅನುದಾನ ಲಭ್ಯವಿಲ್ಲ" ಎಂದು ಬರೆದರು, ಎಲ್ಲ ಅದರಲ್ಲಿರುತ್ತದೆ. ಅನುದಾನವೇ ತೊಡಕಾಗಿದ್ದರೆ ಮುಂದಿನ ಮನವಿ ಬಜೆಟ್‌ಗೆ ಮೊದಲೇ, ಡಿಸೆಂಬರ್ ಹೊತ್ತಿಗೆ, ಆ ಟಿಪ್ಪಣಿಯ ನಕಲಿನ ಸಮೇತ ಅದೇ ಶಾಸಕರಿಗೆ ಹೋಗುತ್ತದೆ.